ಪರದೆಯ ಮುಂದಿನ ಜಾಗ

ತುಂಗಭದ್ರೆಯ ದಂಡೆಯ ಮೇಲೆ ತೊಗಲುಗೊಂಬೆ ಆಡಿಸುವ ಮೇಳವೊಂದಿತ್ತು. ಅದರ ಗುರು ತಿಪ್ಪಯ್ಯನವರು. ಅವರ ಶಿಷ್ಯರಲ್ಲೆಲ್ಲ ಕೈಚಳಕ ಹೆಚ್ಚಿದ್ದವನು ನಾಗೋಜಿ.

ಆ ವರ್ಷ ನಾಗೋಜಿ ಹೊಸ ಸೀತೆಯನ್ನು ಮಾಡಿದ. ಆಡಿನ ತೊಗಲು ನೆನೆಹಾಕಿ, ಹೆರೆದು, ಆಚೆಯ ಬೆಳಕು ಈಚೆ ಕಾಣುವಷ್ಟು ತೆಳ್ಳಗೆ ಮಾಡಿದ. ಉಳಿಯಿಂದ ಸರ, ಬಳೆ, ಮೂಗುತಿ ಕೊರೆದ. ಬಣ್ಣ ತುಂಬಿದ.

ಬಿಸಿಲಿಗೆ ಹಿಡಿದರೆ ಸೀತೆ ಮೈಯೆಲ್ಲ ಹೊಳೆಯುತ್ತಿದ್ದಳು. ಹೆಮ್ಮೆಪಡುವಂಥ ಗೊಂಬೆಯೇ ಅದು. ನಾಗೋಜಿ ಹೆಮ್ಮೆಪಟ್ಟದ್ದರಲ್ಲಿ ತಪ್ಪಿಲ್ಲ. ತಪ್ಪಾದದ್ದು ಆಮೇಲೆ.

ಕಿಟಕಿಯಿಲ್ಲದ ಗುಡಿಸಲಲ್ಲಿ ತಾಲೀಮು ಶುರುವಾಯಿತು. ಪರದೆಯ ಹಿಂದೆ ನಾಗೋಜಿ ಗೊಂಬೆ ಹಿಡಿದ. ರುಕ್ಮವ್ವ ಹಾಡಿದಳು. ಮಲ್ಲಾರಿ ಮದ್ದಳೆ ನುಡಿಸಿದ. ಫಕೀರಪ್ಪ ಎಣ್ಣೆಯ ದೀಪ ನೋಡಿಕೊಂಡ.

ರುಕ್ಮವ್ವನಿಗೆ ವಯಸ್ಸಾಗಿತ್ತು. ಉಸಿರು ಸಾಲದೆ ಸಾಲಿನ ನಡುವೆಯೇ ನಿಂತುಬಿಡುತ್ತಿದ್ದಳು. ಅಷ್ಟರಲ್ಲಿ ನಾಗೋಜಿಯ ಸೀತೆ ಕೈ ಎತ್ತಿ, ಇಳಿಸಿ, ತಲೆ ತಿರುಗಿಸಿಯೂ ಆಗಿರುತ್ತಿತ್ತು.

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಚೆನ್ನಾಗಿ ಕುಣಿಯುವವರೂ ಒಮ್ಮೊಮ್ಮೆ ಹಾಗೆ ಅನ್ನುತ್ತಾರೆ. ನಾಗೋಜಿ ಗೊಂಬೆ ಕೆಳಗಿಟ್ಟು ನೆಟ್ಟಗೆ ಗುರುಗಳ ಬಳಿಗೆ ಹೋದ.

ತಿಪ್ಪಯ್ಯನವರು ಹೊಳೆಯ ಬದಿಯ ಕಲ್ಲಿನ ಮೇಲೆ ಕೂತು ಎಲೆಗೆ ಸುಣ್ಣ ಹಚ್ಚುತ್ತಿದ್ದರು. ಕೈ ನಡುಗಿ ಒಂದಿಷ್ಟು ಸುಣ್ಣ ಧೋತರಕ್ಕೂ ಹತ್ತಿತ್ತು. ಆ ನಡುಕ ಬಂದ ಮೇಲೆ ಅವರು ಗೊಂಬೆ ಹಿಡಿದಿರಲಿಲ್ಲ. ಆಡಿಸುವ ಕೆಲಸವೆಲ್ಲ ನಾಗೋಜಿಯ ಮೇಲೆ ಬಿದ್ದಿತ್ತು. ಅವನಿಲ್ಲದೆ ಮೇಳ ನಡೆಯುವುದಿಲ್ಲ ಎನ್ನುವುದು ಅವನಿಗೂ ಗೊತ್ತಿತ್ತು.

“ಗುರುಗಳ, ಒಂದ್ ಮಾತೈತ್ರಿ.”

“ಹೇಳಪ್ಪ.”

“ರುಕ್ಮವ್ವನ್ನ ಬಿಡ್ರಿ. ಬ್ಯಾರೆ ಹಾಡೋರ್ನ ಕರಕೊಂಡು ಬರೂನು.”

“ಯಾಕ?”

“ಆಕಿಗೆ ಉಸಿರು ಸಾಲಂಗಿಲ್ಲ. ನನ್ನ ಸೀತಿ ಮುಂದ ಹೋಗಿರ್ತಾಳ, ಆಕಿ ಹಾಡು ಹಿಂದ ಉಳೀತೈತಿ.”

“ನಿನ್ನ ಸೀತಿ ಒಂಚೂರು ನಿಲ್ಲಬೌದಲ್ಲ?”

“ಇಷ್ಟು ಚಲೋ ಗೊಂಬಿ ಇಂಥಾ ಹಾಡಿಗೆ ಯಾಕ ನಿಲ್ಲಬೇಕ್ರಿ?”

ಗುರುಗಳು ಎಲೆ ಮಡಿಚಿ ಬಾಯಿಗಿಟ್ಟರು.

“ಬಿಟ್ಟರ ಆಕಿ ಎಲ್ಲಿಗೆ ಹೋಗ್ತಾಳಪ್ಪ?”

“ಅದು ನನಗೇನ್ ಗೊತ್ತರಿ. ಆಕಿ ಇರಬೇಕು, ಇಲ್ಲಾ ನಾ ಇರಬೇಕು. ಇಬ್ಬರೂ ಇರೂದು ಆಗಂಗಿಲ್ಲ.”

ಆಡಿದ ಮೇಲೆ ನಾಗೋಜಿಗೇ ಮಾತು ಹೆಚ್ಚಾಯಿತು ಅನ್ನಿಸಿತು. ತಾಯಿಯಿಲ್ಲದ ಅವನನ್ನು ಎತ್ತಿ ಆಡಿಸಿದವಳು ಇದೇ ರುಕ್ಮವ್ವ. ಆದರೂ ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

ಗುರುಗಳು ಸಿಟ್ಟಾಗಲಿಲ್ಲ. ಹೊಳೆಯ ಕಡೆ ನೋಡುತ್ತ ಕೇಳಿದರು.

“ನಾಗೋಜಿ, ನಮ್ಮ ಆಟ ನೀ ನೋಡೀಯೇನು?”

ನಾಗೋಜಿಗೆ ನಗು ಬಂತು. “ಹುಟ್ಟಿದಾಗಿಂದ ನೋಡಾಕತ್ತೀನಲ್ರಿ. ಪರದೆ ಹಿಂದನ ನನ್ನ ತೊಟ್ಲಾ ಕಟ್ಟಿದ್ರು.”

“ಹಿಂದಿನಿಂದ ಅಲ್ಲೋ. ಮುಂದ ಕುಂತು.”

“ಮುಂದ ಯಾವಾಗ ಕುಂದರೂದ್ರಿ?” ಎಂದ ನಾಗೋಜಿ.

ಪರದೆಯ ಮುಂದಿನ ಜಾಗ ಊರಿನವರದು. ಮೇಳದವರಿಗೆ ಅಲ್ಲಿ ಕೂರಲು ಪುರುಸೊತ್ತೆಲ್ಲಿ? ಬೇರೆ ಮೇಳದ ಆಟವನ್ನಾದರೂ ನೋಡೋಣವೆಂದರೆ, ಒಬ್ಬರು ಆಡುವ ಊರಿಗೆ ಇನ್ನೊಬ್ಬರು ಕಾಲಿಡುವ ಪದ್ಧತಿ ಇರಲಿಲ್ಲ. ಹೀಗಾಗಿ ನಡೆಯಲು ಕಲಿತಾಗಿನಿಂದ ಗೊಂಬೆ ಆಡಿಸಿದವನು ಗೊಂಬೆಯಾಟವನ್ನೇ ನೋಡಿರಲಿಲ್ಲ.

“ಇವತ್ತ ಸಂಜಿಗೆ ಮುಂದ ಕುಂದರು,” ಎಂದರು ಗುರುಗಳು. “ರುಕ್ಮವ್ವ ಎಲ್ಲೆಲ್ಲಿ ಕೆಡಸ್ತಾಳ, ಗುರುತು ಇಟ್ಕೋ. ಆಟ ಮುಗದ ಮ್ಯಾಲ ಬಂದು ಹೇಳು. ನೀ ಹೇಳಿದಂಗ ಮಾಡ್ತೀನಿ.”

“ಸೀತಿನ್ನ ಯಾರು ಹಿಡೀತಾರ್ರಿ?”

“ನಾ ಹಿಡೀತೀನಿ.”

ನಾಗೋಜಿ ಗುರುಗಳ ಕೈ ನೋಡಿದ. ತನ್ನ ಗೊಂಬೆಯ ಮಾನ ಹೋಗುತ್ತದಲ್ಲ ಎಂದು ಒಳಗೊಳಗೇ ಸಂಕಟಪಟ್ಟ.

ಹೊತ್ತು ಮುಳುಗಿತು. ಹೊಳೆಯ ಬದಿಯ ಬಯಲಲ್ಲಿ ಪರದೆ ಕಟ್ಟಿದರು. ಜನ ಚಾಪೆ, ಕಂಬಳಿ ಹಾಸಿಕೊಂಡು ಕೂತರು. ತೊಡೆಯ ಮೇಲೆ ಮಗು ಮಲಗಿಸಿಕೊಂಡ ಹೆಂಗಸೊಬ್ಬಳ ಪಕ್ಕದಲ್ಲಿ ನಾಗೋಜಿಯೂ ಕೂತ. ಆಡಿಸುವಾಗ ಕಟ್ಟುವ ಗೆಜ್ಜೆ ಕಾಲಲ್ಲಿಲ್ಲ, ಕೈಯಲ್ಲಿ ಗೊಂಬೆಯ ಕೋಲಿಲ್ಲ. ಕೈಗಳನ್ನು ಎಲ್ಲಿಡಬೇಕೆಂದೇ ಅವನಿಗೆ ತಿಳಿಯಲಿಲ್ಲ.

ಕಥೆ ಸಾಗಿ ಅಶೋಕವನಕ್ಕೆ ಬಂತು. ಪರದೆಯ ಮೇಲೆ ಮರದ ಕೆಳಗೆ ಸೀತೆ ಒಬ್ಬಳೇ ಕೂತಿದ್ದಳು. ರುಕ್ಮವ್ವನ ದನಿ ಎದ್ದಿತು.

“ಬರುವನೇನೆ ನನ್ನ ರಾಮ, ಕಡಲ ದಾಟಿ…”

ಅಲ್ಲಿಗೆ ಉಸಿರು ನಿಂತಿತು.

ಇದೇ ಜಾಗ, ಅಂದುಕೊಂಡ ನಾಗೋಜಿ. ಬೆರಳು ಮಡಿಚಿ ಗುರುತು ಇಟ್ಟುಕೊಂಡ.

ಆದರೆ ಹಾಡು ನಿಂತಲ್ಲೇ ಸೀತೆಯ ಕೈಯೂ ನಿಂತಿತ್ತು, ಅರ್ಧ ಎತ್ತಿದ್ದು ಅರ್ಧಕ್ಕೇ. ಮದ್ದಳೆಯೂ ನಿಂತಿತ್ತು. ಹೊಳೆಯ ಕಡೆಯಿಂದ ಗಾಳಿ ಬೀಸಿ ದೀಪ ಬಾಗಿತು. ಫಕೀರಪ್ಪ ಅಂಗೈ ಅಡ್ಡ ಹಿಡಿದಿರಬೇಕು, ಮರದ ನೆರಳು ಮೆಲ್ಲಗೆ ಸೀತೆಯ ಮೇಲೆ ಸರಿಯಿತು. ಎತ್ತಿದ ಕೈ ಸಣ್ಣಗೆ ನಡುಗುತ್ತಿತ್ತು. ಮೈ ನಡುಗುತ್ತಿತ್ತು. ಅವಳ ಮುಖದ ಮೇಲೆ ಬೆಳಕಿನ ಹನಿಯೊಂದು ಅಲುಗಿತು.

ನಾಗೋಜಿ ಕೊರೆದದ್ದು ಮೂಗುತಿ. ಈಗ ಅವನಿಗೆ ಕಂಡದ್ದು ಕಣ್ಣೀರು.

ಜನರಲ್ಲಿ ಒಬ್ಬರೂ ಕೆಮ್ಮಲಿಲ್ಲ. ಮಲ್ಲಾರಿ ಒಂದೇ ಬೆರಳಿನಿಂದ ಮದ್ದಳೆಯನ್ನು ಮುಟ್ಟಿದ.

“…ಬರುವನೇ?” ಎಂದಳು ಸೀತೆ.

ಎಂದಳು ರುಕ್ಮವ್ವ ಅನ್ನಬೇಕಿತ್ತು. ಆದರೆ ನಾಗೋಜಿಗೆ ಆಗ ರುಕ್ಮವ್ವನ ನೆನಪೇ ಇರಲಿಲ್ಲ. ಮಡಿಚಿದ ಬೆರಳು ಯಾವಾಗ ಬಿಚ್ಚಿತೋ ಅದೂ ತಿಳಿಯಲಿಲ್ಲ. ಅವನು ಅಳುತ್ತಿದ್ದ.

ಪಕ್ಕದ ಹೆಂಗಸು ಸೆರಗಿನಿಂದ ಕಣ್ಣೊರೆಸಿಕೊಂಡಳು.

“ತಮ್ಮಾ, ಯಾವ ಮ್ಯಾಳಪಾ ಇದು?”

ಬೆಳಿಗ್ಗೆ ಕೇಳಿದ್ದರೆ, ಆ ಸೀತೆಯನ್ನು ಮಾಡಿದವನು ನಾನು ಎನ್ನುತ್ತಿದ್ದ.

“ನಮ್ಮದವ್ವಾ,” ಎಂದ. “ನಮ್ಮ ಮ್ಯಾಳ.”

ಹೇಳುವಾಗ ಅವನ ಎದೆ ಉಬ್ಬಿತು. ಸೀತೆಯನ್ನು ಬಿಸಿಲಿಗೆ ಹಿಡಿದು ನೋಡಿದ ದಿನವೂ ಅವನಿಗೆ ಇಷ್ಟು ಹೆಮ್ಮೆ ಆಗಿರಲಿಲ್ಲ.

ಮಂಗಳ ಹಾಡಿ ಆಟ ಮುಗಿಸಿದರು. ನಾಗೋಜಿ ಪರದೆಯ ಹಿಂದಕ್ಕೆ ಹೋದ.

ಮಲ್ಲಾರಿ ಮದ್ದಳೆಗೆ ಬಟ್ಟೆ ಸುತ್ತುತ್ತಿದ್ದ. ಫಕೀರಪ್ಪ ಸುಟ್ಟ ಅಂಗೈಗೆ ಎಣ್ಣೆ ಸವರಿಕೊಳ್ಳುತ್ತಿದ್ದ. ರುಕ್ಮವ್ವ ಪರದೆಯ ಕಂಬಕ್ಕೆ ಒರಗಿ ಏದುಸಿರು ಬಿಡುತ್ತಿದ್ದಳು. ಅವಳ ಪಕ್ಕದಲ್ಲಿ ಸೀರೆಯಲ್ಲಿ ಕಟ್ಟಿದ ಗಂಟೊಂದಿತ್ತು.

“ಬಂದ್ಯಾ ನಾಗ್ಯಾ?” ಎಂದಳು. “ಗುರುಗಳು ಎಲ್ಲಾ ಹೇಳ್ಯಾರ. ಗಂಟು ಕಟ್ಟಿಟ್ಟೀನಿ. ನೀ ಬ್ಯಾಡ ಅಂದರ ನಸಕಿನ್ಯಾಗ ಹೊಂಡತೀನಿ. ಬೇಡಿಕೊಳ್ಳಾಕಿ ಅಲ್ಲ ನಾ. ಇವತ್ತಿನ ಹಾಡು ಹಾಡೀನಿ, ನನಗ ಅಷ್ಟು ಸಾಕು.”

ನಾಗೋಜಿಗೆ ನಾಚಿಕೆಯಾಗಿ ಅವಳ ಮುಖ ನೋಡಲಾಗಲಿಲ್ಲ.

ತಿಪ್ಪಯ್ಯನವರು ಸೀತೆಯನ್ನು ಎರಡೂ ಕೈಯಲ್ಲಿ ಎತ್ತಿ ಅವನಿಗೆ ಕೊಟ್ಟರು. ಕೈ ಇನ್ನೂ ನಡುಗುತ್ತಿತ್ತು.

“ಹೇಳಪ್ಪ. ಎಲ್ಲಿ ಕೆಡಿಸಿದಳು?”

“ಗುರುಗಳ, ನಾ ಅತ್ತಬಿಟ್ಟೆ.”

“ಅದನ್ನ ಕೇಳಲಿಲ್ಲ ನಾ.”

“ಅಳಿಸಿದವರು ಯಾರಂತ ಹುಡುಕಿದೆ ರೀ. ರುಕ್ಮವ್ವನ ಉಸಿರೋ, ನಿಮ್ಮ ಕೈಯೋ, ಫಕೀರಪ್ಪಣ್ಣನ ದೀಪಾನೋ, ಮಲ್ಲಾರಿ ಸುಮ್ಮಕುಂತಿದ್ದೋ, ನನ್ನ ಗೊಂಬೀನೋ. ಒಂದನ್ನ ಹಿಡಿಯಾಕ ಹೋದರ ಇನ್ನೊಂದು ಅದರಾಗ ಬರ್ತಿತ್ತು.”

ಹೀಗೆಂದವನು ರುಕ್ಮವ್ವನ ಎದುರು ಕೂತ. ಸೀತೆಯನ್ನು ಅವಳ ಮಡಿಲಲ್ಲಿಟ್ಟು, ಗಂಟನ್ನು ತನ್ನ ಕಡೆಗೆ ಎಳೆದುಕೊಂಡು ಬಿಚ್ಚತೊಡಗಿದ. ರುಕ್ಮವ್ವ ಬಿಗಿಯಾಗಿಯೇ ಕಟ್ಟಿದ್ದಳು. ಅವನು ಹಲ್ಲು ಹಚ್ಚಿ ಬಿಚ್ಚಿದ.

ಗುರುಗಳು ನೋಡುತ್ತ ನಿಂತಿದ್ದರು.

“ಯಾರ ಕೆಲಸ ಅಂತ ಕಡೀಕೂ ಗೊತ್ತಾಗಲಿಲ್ಲೇನು?”

“ಇಲ್ರಿ.”

“ಹಂಗಾದರ ಇವತ್ತ ಆಟ ಚಲೋ ಆತು.”