ಬಾಣಂತನ ಮಾಡಿಸಿಕೊಂಡ ಮೆಣಸಿನಗಿಡ

ಕೇಳ್ರಪ್ಪಾ, ಕೇಳ್ರವ್ವಾ. ಒಂದಾನೊಂದು ಕಾಲದಲ್ಲಿ ಒಂದೂರಿತ್ತಂತೆ. ಯಾವೂರು, ಎಲ್ಲಿ ಬರುತ್ತೆ ಅಂತ ನಡುವೆ ಬಾಯಿ ಹಾಕಿದರೆ ಕತೆ ಇಲ್ಲಿಗೇ ನಿಲ್ಲಿಸಿ ಮಲಗಿಬಿಡ್ತೀನಿ, ಹ್ಞಾ! ಆ ಊರಲ್ಲಿ ರಾಜನಿಂದ ಹಿಡಿದು ದನ ಕಾಯೋರ ತನಕ ಯಾರಿಗೂ ಹಸಿಮೆಣಸಿನಕಾಯಿ ಇಲ್ಲದೆ ಮುದ್ದೆ ಗಂಟಲಲ್ಲಿ ಇಳೀತಿರಲಿಲ್ಲವಂತೆ. ಯಾರ ಅಂಗಳ ನೋಡಿದರೂ ಮೆಣಸಿನಗಿಡ.

ಆದರೆ ಅಲ್ಲೊಂದು ಕೆಟ್ಟ ಕಟ್ಟಳೆ. ಚಳಿ ಬಿದ್ದು ಗಿಡ ಎಲೆ ಉದುರಿಸಿ ಬೋಳಾಯಿತೋ, ಕಿತ್ತು ಬೆಂಕಿಗೆ ಹಾಕಬೇಕು. ಬೋಳುಗಿಡ ಇಟ್ಟುಕೊಂಡರೆ ಊರಿಗೇ ದರಿದ್ರ ಅಂತ. ತಳವಾರ ಮನೆಮನೆಗೂ ಬಂದು ನೋಡೋನು. ಬಚ್ಚಿಟ್ಟವರು ಗಂಟುಮೂಟೆ ಕಟ್ಟಿಕೊಂಡು ಊರು ಬಿಡಬೇಕು. ಹಂಗಾಗಿ ಚಳಿಗಾಲ ಪೂರ್ತಿ ಊರಿಗೆ ಊರೇ ಮುಖ ಸಿಂಡರಿಸಿಕೊಂಡು ಸಪ್ಪೆ ಸಾರು ಕುಡಿಯೋದು. ರಾಜನಿಗಂತೂ ಮೂಗೇ ಕಟ್ಟೋದು. ಕಟ್ಟಿದ ಮೂಗು ಬಿಡ್ತಿದ್ದದ್ದು ಹೊಸ ಕಾಯಿ ಕಡಿದ ಮೇಲೇ.

ಆ ಊರಲ್ಲಿ ಸೂಲಗಿತ್ತಿ ದ್ಯಾವಮ್ಮ ಅಂತ ಒಬ್ಬ ಮುದುಕಿ. ಊರ ಮಕ್ಕಳೆಲ್ಲ ಅವಳ ಕೈಮೇಲೆ ಹುಟ್ಟಿದವರೇ. ಅವಳ ಗಂಡ ಕೆಂಚಪ್ಪನಿಗೆ ಹಲ್ಲು ಬಿದ್ದಿದ್ದವು, ಮೀಸೆ ಮಾತ್ರ ಬಿದ್ದಿರಲಿಲ್ಲ. ಮಗ ಗಾಡಿ ಕಟ್ಟಿಕೊಂಡು ಉಪ್ಪು ತರೋಕೆ ದೂರದ ಸೀಮೆಗೆ ಹೋಗಿದ್ದ. ಹೊಸದಾಗಿ ಬಂದ ಸೊಸೆ ಚಿಕ್ಕತಾಯಿ ತವರಿನಿಂದ ಸೆರಗಿಗೆ ಕಟ್ಟಿಕೊಂಡು ಬಂದ ಬೀಜ ಹಾಕಿ, ಬಾಯಿ ಒಡೆದ ಗಡಿಗೆಯಲ್ಲಿ ಒಂದು ಗಿಡ ಬೆಳೆಸಿದ್ದಳು. ಏನು ಕಾಯಿ ಅಂತೀರಿ! ಕಿತ್ತಷ್ಟೂ ಬಿಡೋದು. ಆ ಗಿಡ ಅಂದರೆ ಅವಳಿಗೆ ಪ್ರಾಣ.

ಚಳಿ ಬಂತು. ಎಲೆ ಉದುರಿತು. ನಾಳೆ ತಳವಾರ ಬರ್ತಾನೆ ಅನ್ನೋವಾಗ ಚಿಕ್ಕತಾಯಿ ಗಡಿಗೆ ತಬ್ಬಿಕೊಂಡು ಗೊಳೋ ಅಂತ ಅತ್ತಳಂತೆ.

"ಅತ್ತೇ, ಇದು ಸತ್ತಿಲ್ಲ. ತೊಗಟೆ ಕೆರೆದು ನೋಡಿ, ಒಳಗೆ ಹಸಿರೈತೆ. ಹಡೆದೂ ಹಡೆದೂ ಸುಸ್ತಾಗೈತೆ, ಅಷ್ಟೇಯ. ಹಡೆದವಳನ್ನ ಯಾರಾದ್ರೂ ಬೆಂಕಿಗೆ ಹಾಕ್ತಾರಾ?"

ಸೂಲಗಿತ್ತಿಗೆ ಹೇಳಬೇಕಾದ ಮಾತೇ ಅದು! ದ್ಯಾವಮ್ಮ ಉಗುರಲ್ಲಿ ಕೆರೆದು ನೋಡಿದಳು. ಹಸಿರು.

"ಅಯ್ಯೋ ನನ್ನ ಕಂದಾ! ಹೌದಲ್ಲೇ, ಇವಳು ಬಾಣಂತಿ ಕಣೇ! ಹೊರಗೆ ನಿಲ್ಲಿಸ್ಕೊಂಡು ಏನ್ ನೋಡ್ತಿದ್ದೀಯಾ? ಒಳಗೆ ತಗೊಂಡು ಬಾ, ಬಾಗಿಲು ಹಾಕು!"

ಶುರುವಾಯ್ತು ನೋಡಿ ಬಾಣಂತನ. ಒಣಗಿದ ರೆಂಬೆಯೆಲ್ಲ ಕುಡುಗೋಲಿನಲ್ಲಿ ಮೋಟಾಗಿ ಕತ್ತರಿಸಿದ್ದಾಯ್ತು. ಒಲೆಯ ಹಿಂದಿನ ಬೆಚ್ಚನೆ ಕೋಣೆ, ಮೇಲೆ ಬೆಳಕಿಂಡಿಯಿಂದ ಎಳೆಬಿಸಿಲು, ಗಡಿಗೆಗೆ ಹಳೇ ಕಂಬಳಿ. ಬಾಣಂತಿಗೆ ನೀರು ಜಾಸ್ತಿ ಆಗಬಾರದು ಅಂತ ಮಣ್ಣು ಒಣಗಿದಾಗ ಮಾತ್ರ ಒಂದು ಗುಟುಕು. ಗೊಬ್ಬರ ಹಾಕಲಾ ಅಂದರೆ, "ಈಗ ಬ್ಯಾಡ, ಅಜೀರ್ಣ ಆಯ್ತದೆ." ಸಂಜೆಯಾದರೆ ಹುಳ ಹತ್ತದ ಹಾಗೆ ಸಾಂಬ್ರಾಣಿ ಹೊಗೆ.

"ಅತ್ತೇ, ತಲೆಗೆ ಬಟ್ಟೆ ಕಟ್ಲಾ?"

"ಕಟ್ಟೇ, ಕಿವಿಗೆ ಗಾಳಿ ಹೋದಾತು!"

ಗಿಡಕ್ಕೆ ಕಿವಿ ಎಲ್ಲಿರುತ್ತೆ ಅಂತ ನನ್ನ ಕೇಳಬೇಡಿ, ದ್ಯಾವಮ್ಮನ್ನ ಕೇಳಿ.

ತಳವಾರ ಬಂದ. ಒಳಗೆ ಕಾಲಿಡೋಕೆ ಹೋದ. ದ್ಯಾವಮ್ಮ ಬಾಗಿಲಿಗೆ ಅಡ್ಡ ನಿಂತು, "ಏಯ್! ಒಳಗೆ ಬಾಣಂತಿ ಅವಳೆ. ಗಂಡಸು ಹೊಸ್ತಿಲು ತುಳಿದೀಯಾ, ಜೋಕೆ!" ಅಂತ ಗದರಿಸಿದಳು. ಸಾಂಬ್ರಾಣಿ ವಾಸನೆ ಘಮ್ಮಂತ ಬಂತು. ತಳವಾರ ತಪ್ಪಾಯ್ತು ಕಣವ್ವ ಅಂತ ಹಿಂದಕ್ಕೆ ಸರಿದ.

ಅಲ್ಲಿಗೆ ಮುಗೀತು ಅಂದ್ಕೊಂಡ್ರಾ? ಆ ಬಾಯಿಬಡುಕ ಬಾವಿಕಟ್ಟೆ ಹತ್ತಿರ ಹೋಗಿ ಹೇಳಿಬಿಟ್ಟ. ಹೆಂಗಸರು ಲೆಕ್ಕ ಹಾಕಿದರು. ದ್ಯಾವಮ್ಮನ ಮನೇಲಿ ಬಾಣಂತಿಯಂತೆ. ಯಾರು? ಸೊಸೆ ನೋಡಿದರೆ ದಿನಾ ಕೊಡ ಹೊತ್ತುಕೊಂಡು ಬಾವಿಗೆ ಬರ್ತಾಳೆ, ಬಳ್ಳಿಯಂಗವಳೆ. ಮನೇಲಿ ಇನ್ನೊಬ್ಬ ಹೆಂಗಸು ಅಂದರೆ...

"ಅಯ್ಯಯ್ಯೋ! ದ್ಯಾವಮ್ಮನೇ ಹೆತ್ತವಳೆ!"

ತಲೆಯೆಲ್ಲ ಬೆಳ್ಳಗಾದ ದ್ಯಾವಮ್ಮ! ಊರು ಹುಚ್ಚೆದ್ದು ಹೋಯಿತಂತೆ. ಅಂಟಿನುಂಡೆ ತಂದವರೇನು, ಬೆಳ್ಳುಳ್ಳಿ ತಂದವರೇನು, ತುಪ್ಪ ತಂದವರೇನು! ಪಕ್ಕದ ಮನೆ ಹೊಂಬಾಳಮ್ಮ ಕಿವಿ ಹತ್ತಿರ ಬಗ್ಗಿ ಕೇಳಿದಳು. "ದ್ಯಾವಕ್ಕಾ, ಹಾಲು ಬತ್ತಾ ಐತಾ?"

ನಿಜ ಹೇಳಿದರೆ ಊರು ಬಿಡಬೇಕು, ಗಿಡ ಬೆಂಕಿಗೆ ಬೀಳುತ್ತೆ, ಸೊಸೆ ಎದೆ ಒಡ್ಕೊಂಡು ಸಾಯ್ತಾಳೆ. ದ್ಯಾವಮ್ಮ ಹಲ್ಲು ಕಚ್ಚಿಕೊಂಡು, "ಏನೋ ಬತ್ತಾ ಐತೆ ಕಣವ್ವ" ಅಂದಳು.

ಇತ್ತ ಕೆಂಚಪ್ಪನ್ನ ನೋಡಬೇಕಿತ್ತು ನೀವು. ಅಂಟಿನುಂಡೆಯೆಲ್ಲ ಅವನ ಹೊಟ್ಟೆಗೇ. ಮಗು ಅಳೋದೇ ಕೇಳಲ್ಲವಲ್ಲ ಅಂತ ಯಾರಾದರೂ ಅಂದರೆ, "ಬಲು ಶಾಂತ. ಎಲ್ಲಾ ದೇವರ ದಯೆ" ಅಂತ ಮೀಸೆ ತಿರುವೋನು. ದ್ಯಾವಮ್ಮ, "ಲೇ ಮುದುಕಾ, ನನ್ನ ಮಾನ ಕಳೀತಾ ಇದ್ದೀಯಲ್ಲೋ!" ಅಂತ ಪೊರಕೆ ಎತ್ತಿಕೊಂಡು ಅಟ್ಟಿಸಿಕೊಂಡು ಹೋಗೋಳು. ಓಡ್ತಾ ಓಡ್ತಾ ಮತ್ತೆ ಮೀಸೆ ತಿರುವೋನು.

ಸುದ್ದಿ ಅರಮನೆಗೂ ಹೋಯ್ತು. ಮುದುಕಿ ಹೆತ್ತಿದ್ದನ್ನ ಕಣ್ಣಾರೆ ನೋಡಲೇಬೇಕು ಅಂತ ರಾಜ ಬೆಳ್ಳಿ ತೊಟ್ಟಿಲು ಹೊರಿಸಿಕೊಂಡು ಹೊರಟೇಬಿಟ್ಟ. ಚಳಿ ಆಗ ತಾನೇ ಮುರೀತಿತ್ತು. ರಾಜನ ಮೂಗು ಮಾತ್ರ ಇನ್ನೂ ಭದ್ರವಾಗಿ ಕಟ್ಟಿತ್ತು.

ಊರೆಲ್ಲ ಹಿಂದೆ ಬರ್ತಿರೋವಾಗ ದ್ಯಾವಮ್ಮನ ನಡುಮನೆಗೆ ನುಗ್ಗಿ, "ಬಗು ಎಲ್ಲಿ? ಬಗೂನ ತೋರಿಸಿ!" ಅಂದ.

ಚಿಕ್ಕತಾಯಿಗೆ ಬೇರೆ ದಾರಿಯೇ ಇಲ್ಲ. ಕಂಬಳಿ ಸುತ್ತಿದ ಗಡಿಗೆಯನ್ನ ತಂದು ತೊಟ್ಟಿಲಲ್ಲಿ ಇಟ್ಟಳು. ಹೆಂಗಸರು ಸೋಬಾನೆ ಎತ್ತಿದರು. ರಾಜ ಬಗ್ಗಿ ಬಟ್ಟೆ ಸರಿಸಿದ. ಏನಿದೆ? ಎಳೇ ಚಿಗುರು, ಪುಟ್ಟ ಬಿಳಿ ಹೂವು, ಎಲೆ ಮರೆಯಲ್ಲಿ ಹಚ್ಚಗೆ ಒಂದು ಮೆಣಸಿನಕಾಯಿ!

"ಥೇಟ್ ನನ್ನಂಗೇ ಐತೆ!" ಅಂದನಂತೆ ಕೆಂಚಪ್ಪ. ಪಾಪ, ಅಷ್ಟು ಹೊತ್ತಿಗೆ ಅವನೂ ನಂಬಿಬಿಟ್ಟಿದ್ದ.

ರಾಜನ ಕೈ ತಾನಾಗೇ ಹೋಯಿತು. ಕಾಯಿ ಕಿತ್ತ, ಕಟುಮ್ ಅಂತ ಕಡಿದ. ಕಣ್ಣು ಕೆಂಪಾಯ್ತು, ಕಿವಿ ಕೆಂಪಾಯ್ತು. ಆಮೇಲೊಂದು ಸೀನು ಸೀನಿದ ನೋಡಿ, ಪೇಟ ಹಾರಿ ಹೊಂಬಾಳಮ್ಮನ ಮಡಿಲಿಗೆ ಬಿತ್ತು!

"ಮಗು! ಎಂಥಾ ಮಗು!" ಅಂದ ರಾಜ. ಮೂಗು ಬಿಟ್ಟಿತ್ತು.

ಊರೆಲ್ಲ ಹೋ ಅಂತು. ಆದರೆ ತಳವಾರ ಮುಂದೆ ಬಂದ. "ಬುದ್ಧೀ, ಇದು ಬೋಳಾಗಿದ್ದ ಗಿಡ. ಬಚ್ಚಿಟ್ಟಿದ್ರು. ಇವರು ಊರು ಬಿಡಬೇಕು, ಗಿಡ ಬೆಂಕಿಗೆ ಹೋಗಬೇಕು. ಕಟ್ಟಳೆ."

ಚಿಕ್ಕತಾಯಿ ಗಡಿಗೆ ಅವಚಿಕೊಂಡಳು. ಆಗ ದ್ಯಾವಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ಎದ್ದಳು.

"ಊರು ಬಿಡ್ತೀವಿ ಬುದ್ಧೀ. ಆದ್ರೆ ಬೆಂಕಿಗೆ ಕೊಡಲ್ಲ. ನನ್ನ ಸೊಸೆ ತವರಿನ ಹೆಣ್ಣುಮಗಳು ಇದು. ನಾನೇ ಬಾಣಂತನ ಮಾಡಿದೀನಿ. ನಾವು ಎಲ್ಲಿ ಹೋಗ್ತೀವೋ ಅಲ್ಲಿಗೆ ಬತ್ತದೆ. ನಡಿಯೇ ಚಿಕ್ಕತಾಯೀ!"

ಅತ್ತೆ ಸೊಸೆ ಗಡಿಗೆ ಎತ್ತಿಕೊಂಡು ಹೊರಟೇಬಿಟ್ಟರು. ಹೊಂಬಾಳಮ್ಮ ಅಳೋಕೆ ಶುರುಮಾಡಿದಳು. ರಾಜ ನೋಡಿದ. ಗಿಡ ಹೋದರೆ ಮೂಗಿನ ಗತಿ? ಓಡಿ ಹೋಗಿ ಹೊಸ್ತಿಲ ಮೇಲೆ ಅಡ್ಡಡ್ಡ ಕೂತುಬಿಟ್ಟ.

"ಹೋಗಬೇಡ್ರವ್ವಾ! ಆ ಕಟ್ಟಳೆ ಮಾಡಿದೋನು ನಮ್ಮಜ್ಜ. ಅವನಿಗೆ ಖಾರ ಆಗ್ತಿರಲಿಲ್ಲ, ಅದಕ್ಕೇ ದರಿದ್ರ ಗಿರಿದ್ರ ಅಂತ ಏನೋ ಕಟ್ಟಿಬಿಟ್ಟ. ಇವತ್ತಿಗೆ ಅದನ್ನ ತೆಗೆದುಹಾಕಿದೀನಿ!"

ಅಲ್ಲಿಂದಾಚೆಗೆ ಚಳಿ ಬಿದ್ದರೆ ಸಾಕು, ಊರಿನ ಗಿಡವೆಲ್ಲ ಒಲೆ ಹಿಂದಿನ ಕೋಣೆಗೆ ಬಾಣಂತನಕ್ಕೆ ಹೋಗ್ತಿದ್ದವಂತೆ. ತಳವಾರ ಮನೆಮನೆಗೂ ಬಂದು, ಬಾಗಿಲ ಆಚೆಯೇ ನಿಂತು, "ಬೆಚ್ಚಗವಳಾ ಅವ್ವಾ?" ಅಂತ ಕೇಳಿಕೊಂಡು ಹೋಗ್ತಿದ್ದನಂತೆ. ಚಿಕ್ಕತಾಯಿಯ ಗಿಡ ಮರದಂಗೆ ಬೆಳೆದು, ದ್ಯಾವಮ್ಮ ಅದರ ನೆರಳಲ್ಲಿ ಕೂತು ಎಲೆಅಡಿಕೆ ಹಾಕ್ಕೊಳ್ತಿದ್ದಳಂತೆ.

ಅವರು ಅಲ್ಲಿ ಮುದ್ದೆಗೆ ಮೆಣಸಿನಕಾಯಿ ಕಚ್ಚಿಕೊಂಡು ಹಾ ಹಾ ಅಂತ ಕುಣೀತಾ ಅವರೆ, ನಾವು ಇಲ್ಲಿ ಬರೀ ಕತೆಗೇ ಬಾಯಿ ಚಪ್ಪರಿಸ್ಕೊಂಡು ಕೂತಿದೀವಿ. ಏಳಿ, ಏಳಿ, ಊಟಕ್ಕೆ ಹೊತ್ತಾಯ್ತು.