ಅಕ್ಕಿ ತಟ್ಟೆಯ ಮೊದಲ ಅಕ್ಷರ

ಹೊಳೆದಂಡೆಯ ಆಶ್ರಮದಲ್ಲಿ ಮರುಳಯ್ಯ ಎಂಬ ಗುರುಗಳಿದ್ದರು. ಅವರು ನಡೆಸುತ್ತಿದ್ದ ಪಾಠಶಾಲೆಗೆ ಸುತ್ತಿನ ಊರುಗಳಲ್ಲೆಲ್ಲ ಹೆಸರು. ಗಂಟೆ ಹೊಡೆದರೆ ಮಕ್ಕಳು ಸಾಲಾಗಿ ಕೂರಬೇಕು, ಹೇಳಿಕೊಟ್ಟದ್ದನ್ನು ಒಕ್ಕೊರಲಿನಲ್ಲಿ ಹೇಳಬೇಕು. ಅಜ್ಜ ಕೂತೆದ್ದ ಮಣೆಯ ಮೇಲೇ ಮೊಮ್ಮಗನೂ ಕೂತ ಮನೆತನಗಳು ಎಷ್ಟೋ.

ಹಾಲಮ್ಮ ಅಲ್ಲೇ ಕಲಿತವಳು. ಅಂಥಿಂಥ ಶಿಷ್ಯೆಯಲ್ಲ ಮತ್ತೆ. ಮೊದಲಿಂದ ಕೊನೆಗೆ ಹೇಳು ಅಂದರೂ ಸೈ, ಕೊನೆಯಿಂದ ಮೊದಲಿಗೆ ಹೇಳು ಅಂದರೂ ಸೈ, ತಡವರಿಸದೆ ಪದ್ಯ ಒಪ್ಪಿಸುತ್ತಿದ್ದವಳು.

ಅಂಥ ಹಾಲಮ್ಮ ಒಂದು ಬೆಳಿಗ್ಗೆ ಐದು ವರ್ಷದ ಮಗಳು ನೀಲಿಯ ಕೈ ಹಿಡಿದುಕೊಂಡು ಗುರುಗಳ ಮುಂದೆ ಬಂದು ನಿಂತಳು. ಹಿಂದೆಯೇ ಅತ್ತೆ ಕೆಂಚವ್ವ, ಕೈಯಲ್ಲಿ ಅಕ್ಕಿ ಹರಡಿದ ತಟ್ಟೆ. ಆ ಮನೆಯ ಮಕ್ಕಳೆಲ್ಲರ ಬೆರಳು ಹಿಡಿದು, ಅಕ್ಕಿಯ ಮೇಲೆ ಮೊದಲ ಅಕ್ಷರ ಬರೆಸಿದವರು ಮರುಳಯ್ಯನವರೇ.

"ಬರೆಸಿ ಬುದ್ಧಿ," ಅಂದಳು ಕೆಂಚವ್ವ. "ನಾಳೆಯಿಂದ ನಿಮ್ಮ ಶಾಲೆಗೆ ಬರ್ತಾಳೆ."

"ಬರೋದಿಲ್ಲ ಬುದ್ಧಿ," ಅಂದಳು ಹಾಲಮ್ಮ. "ತೋಪಿನ ಶಾಲೆಗೆ ಕಳಿಸಬೇಕು ಅಂತಿದ್ದೀನಿ."

ಆಚೆ ದಂಡೆಯ ಮಾವಿನ ತೋಪಿನಲ್ಲಿ ಗಂಡಹೆಂಡಿರಿಬ್ಬರು ಹೊಸದಾಗಿ ತೆರೆದಿದ್ದ ಶಾಲೆ ಅದು. ಗಂಟೆಯಿಲ್ಲ, ಬೆತ್ತವಿಲ್ಲ. ಅಲ್ಲಿ ಮಕ್ಕಳು ಹುಣಸೆಹಣ್ಣು ತೂಗಿ ಲೆಕ್ಕ ಕಲಿಯುತ್ತಿದ್ದರು, ಕೋಳಿಗೂಡು ಕಟ್ಟುತ್ತಿದ್ದರು. ಅಕ್ಷರ ಬೇಕು ಅನ್ನಿಸಿದ ದಿನ ತಾವೇ ಹೋಗಿ ಅಕ್ಷರ ಕೇಳುತ್ತಿದ್ದರು.

ಕೆಂಚವ್ವ ತಟ್ಟೆ ಕೆಳಗಿಟ್ಟಳು. ಕೈಬೀಸಿ ಮಾತಾಡಲು ಅನುಕೂಲವಾಗಲಿ ಅಂತ.

"ಅಲ್ಲೊಂದು ಹುಡುಗಿ ಮಧ್ಯಾಹ್ನದ ತನಕ ಇರುವೆ ಸಾಲು ನೋಡ್ತಾ ಕೂತಿತ್ತಂತೆ. ಏಳು ಅಂತ ಯಾರೂ ಅನ್ನಲಿಲ್ಲವಂತೆ! ಇರುವೆ ನೋಡೋಕೆ ಹೊಳೆ ದಾಟಬೇಕಾ ಬುದ್ಧಿ? ನಮ್ಮನೆ ಬೆಲ್ಲದ ಡಬ್ಬಿ ಮುಚ್ಚಳ ತೆಗೆದರೆ ಸಾಲದಾ?"

ಗುರುಗಳು ನಕ್ಕರು.

"ನಗಬೇಡಿ ಬುದ್ಧಿ. ನೀವು ಹೇಳಿದ್ದೇ ಕೊನೆ. ನೀವು ಹೂಂ ಅಂದುಬಿಟ್ಟರೆ ನಾನು ತುಟಿ ಪಿಟಕ್ಕನ್ನೋದಿಲ್ಲ."

"ಆಗದ ಮಾತು ಯಾಕೆ ಆಡ್ತೀ ಕೆಂಚವ್ವ," ಅಂದರು ಗುರುಗಳು. ಆಮೇಲೆ ಶಿಷ್ಯೆಯ ಕಡೆ ತಿರುಗಿದರು. "ನನ್ನ ಶಾಲೆಯಲ್ಲಿ ಏನು ಕೊರತೆ ಕಂಡೆ?"

ಹಾಲಮ್ಮ ತಲೆ ತಗ್ಗಿಸಲಿಲ್ಲ.

"ಕೇಳಿದ್ದಕ್ಕೆಲ್ಲ ಉತ್ತರ ಹೇಳೋದು ಇಲ್ಲೇ ಕಲಿತೆ ಬುದ್ಧಿ. ಆದರೆ ನಾನಾಗಿ ಒಂದು ಪ್ರಶ್ನೆ ಕೇಳಿದ್ದು ನೆನಪಿಲ್ಲ. ಇವಳು ಎದ್ದಾಗಿನಿಂದ ಮಲಗೋ ತನಕ ಕೇಳ್ತಾನೇ ಇರ್ತಾಳೆ. ಅದೆಲ್ಲಿ ನಿಂತುಹೋಗುತ್ತೋ ಅಂತ ಭಯ."

ಪಾಠಶಾಲೆಯ ಕಡೆಯಿಂದ ಮಕ್ಕಳ ಒಕ್ಕೊರಲು ತೇಲಿಬಂತು. ಗುರುಗಳು ಅದು ಮುಗಿಯುವ ತನಕ ಕೇಳಿಸಿಕೊಂಡರು.

"ಈಗ ಕೇಳೋಕೆ ಬಂದಿದ್ದೀಯಲ್ಲ."

"ಹೌದು ಬುದ್ಧಿ. ನೀವು ಹೂಂ ಅನ್ನಿ, ಸಾಕು."

"ಇದು ಪ್ರಶ್ನೆಯಲ್ಲ ತಾಯಿ. ಅಪ್ಪಣೆ ಬೇಡೋದು. ನಾನು ಹೂಂ ಅನ್ನೋದಿಲ್ಲ."

"ಬೇಡ ಅಂತೀರಾ?"

"ಅದನ್ನೂ ಅನ್ನೋದಿಲ್ಲ."

ಹಾಲಮ್ಮನಿಗೆ ಅಳುವೂ ಬಂತು, ಸಿಟ್ಟೂ ಬಂತು. "ಊರಿಗೆ ಊರೇ ಆಡಿಕೊಳ್ತಿದೆ ಬುದ್ಧಿ. ನಾಳೆ ಇವಳು ಏನೂ ಕಲಿಯದೇ ಹೋದರೆ..."

"ಹೋದರೆ?"

"ಗುರುಗಳೇ ಹೂಂ ಅಂದಿದ್ದರು ಅಂತ ಹೇಳಬಹುದು."

ಅಂದವಳೇ ನಾಲಿಗೆ ಕಚ್ಚಿಕೊಂಡಳು.

ಗುರುಗಳು ಅಕ್ಕಿ ತಟ್ಟೆಯನ್ನು ಹತ್ತಿರ ಎಳೆದುಕೊಂಡರು. ನೀಲಿ ಬಗ್ಗಿ ನೋಡಿದಳು.

"ಈ ಅಕ್ಕೀನ ಆಮೇಲೆ ಅನ್ನ ಮಾಡ್ತೀರಾ?"

"ಬಾಯಿ ಮುಚ್ಚೇ!" ಅಂದಳು ಕೆಂಚವ್ವ. "ಬುದ್ಧಿಯೋರ ಮುಂದೆ ಹಾಗೆಲ್ಲ ಕೇಳ್ತಾರಾ?"

"ಮಾಡ್ತೀವಿ," ಅಂದರು ಗುರುಗಳು. "ಊಟಕ್ಕೆ ಇರು."

ಆಮೇಲೆ ಹಾಲಮ್ಮನಿಗೆ ಹೇಳಿದರು: "ಇವತ್ತು ನಾನು ಹಿಡಿಯೋದಿಲ್ಲ. ಬೆರಳು ನೀನೇ ಹಿಡಿದು ಬರೆಸು."

ಹಾಲಮ್ಮ ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು, ಅವಳ ಪುಟ್ಟ ಬೆರಳನ್ನು ಬಿಗಿಯಾಗಿ ಹಿಡಿದು ಬರೆಸಿದಳು. ಅಕ್ಕಿಯ ಮೇಲೆ ದುಂಡನೆಯ 'ಅ' ಮೂಡಿತು. ಎಂಥ ಅಕ್ಷರ ಅಂತೀರಿ! ಅಚ್ಚು ಹೊಡೆದ ಹಾಗಿತ್ತು.

"ಇದು ಯಾರು ಬರೆದದ್ದು?" ಗುರುಗಳು ಕೇಳಿದರು.

"ನನ್ನ ಮೊಮ್ಮಗಳು!" ಅಂದಳು ಕೆಂಚವ್ವ.

"ಅವ್ವ," ಅಂದಳು ನೀಲಿ, ನೋಯುತ್ತಿದ್ದ ಬೆರಳು ಚೀಪುತ್ತ.

ಗುರುಗಳು ತಟ್ಟೆಯನ್ನು ಮೆಲ್ಲಗೆ ಅಲುಗಿಸಿದರು. ಅಕ್ಷರ ಅಳಿಸಿಹೋಯಿತು. ತಟ್ಟೆಯನ್ನು ಮಗುವಿನ ಮುಂದಿಟ್ಟರು.

"ಮಗಳ ಬೆರಳು ನೀನು ಹಿಡಿದೆ, ಹಾಲಮ್ಮ. ನಿನ್ನ ಬೆರಳು ನಾನು ಹಿಡೀಲಾ?"

ಹಾಲಮ್ಮ ಮಗಳನ್ನು ತೊಡೆಯಿಂದ ಇಳಿಸಿ ಎದ್ದು ನಿಂತಳು. ಗುರುಗಳ ಪಾದ ಮುಟ್ಟಿ ನಮಸ್ಕರಿಸಿದಳು.

"ಬುದ್ಧಿ, ನಾಳೆಯಿಂದ ನೀಲಿ ತೋಪಿನ ಶಾಲೆಗೆ ಹೋಗ್ತಾಳೆ. ಕಲಿತರೂ ಸರಿ, ಕಲೀದಿದ್ದರೂ ಸರಿ, ಕಳಿಸಿದವಳು ನಾನು. ಅತ್ತೆ, ಊರವರು ಕೇಳಿದರೆ ನನ್ನ ಹೆಸರೇ ಹೇಳಿ."

"ಹೇಳದೆ ಬಿಡ್ತೀನಾ!" ಅಂದಳು ಕೆಂಚವ್ವ. ಅಷ್ಟಕ್ಕೇ ಅವಳ ಸಂಕಟ ಇಳಿಯಲಿಲ್ಲ. ಗುರುಗಳ ಕಡೆ ತಿರುಗಿ ದನಿ ಏರಿಸಿದಳು. "ಬುದ್ಧಿ, ನೀವಾದರೂ ಬಾಯಿಬಿಟ್ಟು ಹೇಳಿ. ಇವಳು ಮಾಡ್ತಿರೋದು ಸರಿಯೋ ತಪ್ಪೋ? ತಪ್ಪಾದರೆ ಈಗಲೇ ತಿದ್ದಿ!"

ಗುರುಗಳು ತಲೆ ಎತ್ತಲಿಲ್ಲ. ತಟ್ಟೆಯಲ್ಲಿ ನೀಲಿಯ ಬೆರಳು ತಾನೇ ಹೊರಟಿತ್ತು. ಅಂಚಿನ ತನಕ ಹೋಯಿತು, ನಾಲ್ಕು ಕಾಳು ಆಚೆ ಚೆಲ್ಲಿತು, ಮತ್ತೆ ಒಳಕ್ಕೆ ತಿರುಗಿತು. ಅದು ಅಕ್ಷರವೂ ಅಲ್ಲ, ಚಿತ್ರವೂ ಅಲ್ಲ.

ಗುರುಗಳು ತುಟಿಯ ಮೇಲೆ ಬೆರಳಿಟ್ಟರು.

"ಮೆತ್ತಗೆ ಕೆಂಚವ್ವ. ಬರೀತಿದ್ದಾಳೆ."