ಮುಗಿಯದ ಕಟ್ಟೆ

ಕರಜಗೇರಿಯ ಬಸ್ ನಿಲ್ದಾಣದಿಂದ ಹೊಳೆಯ ಕಡೆ ನಡೆದರೆ ಬೇವಿನ ಮರದ ಕೆಳಗೆ ಒಂದು ಕಲ್ಲುಕಟ್ಟೆ ಸಿಗುತ್ತದೆ. ನಾಲ್ಕೂ ಬದಿ ನೆಟ್ಟಗಿವೆ, ಗಾರೆಯೂ ಗಟ್ಟಿ; ಆದರೂ ಹೆಸರು ಮುಗಿಯದ ಕಟ್ಟೆ. ಹೊಸಬರು ಗುತ್ತಿಗೆದಾರನನ್ನು ಬೈದು ಮುಂದೆ ಹೋಗುತ್ತಾರೆ. ಪಾಪ, ಆತನದೇನೂ ತಪ್ಪಿಲ್ಲ. ಹಿಂದೆ, ಊರಿಗೆಲ್ಲ ಒಂದೇ ರೇಡಿಯೋ ಇದ್ದ ಕಾಲದಲ್ಲಿ, ಪಂಚಾಯಿತಿಯವರು ಅದನ್ನು ಈ ಕಟ್ಟೆಯ ಮೇಲೆ ಇಡುತ್ತಿದ್ದರಂತೆ. ಸಂಜೆ ಅದರಲ್ಲಿ ಚನಮಲ್ಲ ಕಾಕಾ ಕಥೆ ಹೇಳುತ್ತಿದ್ದ. ಆತ ಈ ಊರಿಗೆ ಒಮ್ಮೆಯೂ ಕಾಲಿಟ್ಟವನಲ್ಲ. ಆದರೂ ಆತನ ಮಾತಿಗೆ ಹೊಟ್ಟೆ ಹಿಡಿದುಕೊಂಡು ನಗದವರಿರಲಿಲ್ಲ. ಆಗ ಮೇಲೋಣಿಗೂ ಕೆಳಗೋಣಿಗೂ ಹೊಲದ ಬದುವಿನ ಜಗಳ ಹೆಣ ಬೀಳುವ ಮಟ್ಟಕ್ಕೆ ಹೋಗಿತ್ತು. ಕಾಕಾನ ಹೊತ್ತಿಗೆ ಮಾತ್ರ ಎರಡೂ ಓಣಿಯವರು ಕೊಡಲಿಗಳನ್ನು ಕಟ್ಟೆಯ ಬುಡಕ್ಕೆ ಆನಿಸಿ ಕೂರುತ್ತಿದ್ದರು. ಕಥೆ ಮುಗಿಸಿ ಆತ, "ಏಳ್ರಪ್ಪಾ, ಮನ್ಯಾಗ ರೊಟ್ಟಿ ಆರ್ತಾವ" ಎನ್ನುವತನಕ ಯಾರೂ ಕೊಡಲಿ ಮುಟ್ಟಬಾರದು. ಇದು ಊರು ಮಾಡಿಕೊಂಡ ಕಟ್ಟುಪಾಡು.

ಅದೊಂದು ವರ್ಷ ಕೆಳಗೋಣಿಯ ದ್ಯಾಮಣ್ಣ ಮೇಲೋಣಿಯ ರುದ್ರಪ್ಪನನ್ನು ಜೋಳದ ಹೊಲದಲ್ಲಿ ಕೊಚ್ಚಿ ಹಾಕಿದ. ಸತ್ತವನನ್ನು ಕಂಬಳಿಯಲ್ಲಿ ಗಂಟು ಕಟ್ಟಿ ಹೊತ್ತು ತಂದವನು ಅವನ ತಮ್ಮ ನಿಜಗುಣಿ. ಸಾಕ್ಷಿ ಹೇಳುವವರಿಲ್ಲದೆ ದ್ಯಾಮಣ್ಣ ಬಿಡುಗಡೆಯಾಗಿ ಬಂದ ಸಂಜೆ, ಕಥೆ ಮುಗಿದ ಮರುಗಳಿಗೆಯೇ ಆತನ ತಲೆ ಒಡೆಯುವುದೆಂದು ನಿಶ್ಚಯಿಸಿ ನಿಜಗುಣಿ ಬಂದು ಕೂತ. ದ್ಯಾಮಣ್ಣನೂ ಬಂದು ಕಟ್ಟೆಯ ಮೇಲೆ ಕೂತಿದ್ದ. ಆದರೆ ರೇಡಿಯೋ ಅಂದು ಕಾಕಾ ತೀರಿಕೊಂಡ ಸುದ್ದಿ ಹೇಳಿತು. ಬೆನ್ನಿಗೇ ಆತನ ಹಳೆಯ ಕಥೆಯೊಂದನ್ನು ಹಾಕಿದರು, ಮಾವನ ಎಮ್ಮೆಯ ಬಾಲ ಹಿಡಿದು ಹೊಳೆ ದಾಟಿದ ಅಳಿಯನದು. ಜನ ಅಳುತ್ತಲೇ ನಕ್ಕರು. ನಿಜಗುಣಿಗೂ ನಗು ತಡೆಯಲಾಗಲಿಲ್ಲ. ಅಣ್ಣ ಸತ್ತ ಮೇಲೆ ಆತ ನಕ್ಕಿದ್ದು ಅದೇ ಮೊದಲು. ನಕ್ಕಿದ್ದಕ್ಕೆ ತನ್ನ ಮೇಲೆ ತನಗೇ ಹೇಸಿಗೆಯಾಯಿತು. ಅಷ್ಟರಲ್ಲಿ, ಕಾಕಾನ ಕೊನೆಯ ಮಾತು ಬರುವ ಮುನ್ನವೇ, ಕಥೆ ಕಡಿದು ವಾರ್ತೆ ಶುರುವಾಯಿತು. ನಿಜಗುಣಿ ಕೊಡಲಿ ಎತ್ತಿದ. ದ್ಯಾಮಣ್ಣ ಓಡಲಿಲ್ಲ. ಕಣ್ಣೊರೆಸಿಕೊಳ್ಳುತ್ತ, "ಹೊಡಿಯೂದಿದ್ರ ಹೊಡಿ. ಆದ್ರ ಕಾಕಾ ಇನ್ನೂ ಏಳ್ರಿ ಅಂದಿಲ್ಲೋ" ಎಂದ.

ಎತ್ತಿದ ಕೊಡಲಿ ಇಳಿಯಲೇಬೇಕಿತ್ತು. ಅದು ದ್ಯಾಮಣ್ಣನ ತೊಡೆಯ ಪಕ್ಕದ ಕಲ್ಲನ್ನು ಸೀಳಿತು. ಅಲಗಿನ ಚೂರು ಸಿಡಿದು ನಿಜಗುಣಿಯ ಬಲಗಣ್ಣನ್ನೇ ಕಿತ್ತುಕೊಂಡು ಹೋಯಿತು ಎನ್ನುತ್ತಾರೆ. ಮುಖದ ತುಂಬ ರಕ್ತ ಸುರಿಯುತ್ತಿದ್ದರೂ ಆತ ರೇಡಿಯೋ ತಬ್ಬಿ ಹಿಡಿದು, "ಆ ಒಂದು ಮಾತು ಹೇಳಿ ಹೋಗಬಾರದಾಗಿತ್ತೇನೋ ಕಾಕಾ!" ಎಂದು ಕೂಗಿದನಂತೆ. ಕಾಕಾನ ಕಥೆ ಮುಗಿಯಲೇ ಇಲ್ಲವಲ್ಲ; ಬುಡಕ್ಕೆ ಆನಿಸಿದ ಕೊಡಲಿಗಳನ್ನು ಯಾರೂ ಮರಳಿ ಎತ್ತಲಿಲ್ಲ. ನಿಜಗುಣಿ ಬದುಕಿರುವತನಕ ದ್ಯಾಮಣ್ಣನನ್ನು ಕ್ಷಮಿಸಲಿಲ್ಲ, ಕೊಲ್ಲಲೂ ಇಲ್ಲ.

ಸೀಳಿದ ಕಲ್ಲು, ತುಕ್ಕು ತಿಂದ ಅಲಗುಗಳು ಅಲ್ಲಿಗೆ ಹೋದವರಿಗೆ ಇಂದಿಗೂ ಕಾಣುತ್ತವೆ. ಸಂಜೆ ಊಟಕ್ಕೆ ಕರೆಯಲು ಬಂದ ಮೊಮ್ಮಕ್ಕಳು ಕಟ್ಟೆಯ ಮೇಲೆ ಕೂತ ಅಜ್ಜಂದಿರ ಭುಜ ಮುಟ್ಟಿ ಸುಮ್ಮನೆ ನಿಲ್ಲುತ್ತಾರೆ. ಅಲ್ಲಿ ಯಾರೂ ಯಾರಿಗೂ ಏಳ್ರಿ ಎನ್ನುವುದಿಲ್ಲ.